ಹಳ್ಳದ ಸಾಲ ಯಾರು ತೀರಿಸಬೇಕು?



ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಇಟ್ಟಂಗಿಹಾಳ ಸೀಮೆಯ ಹಳ್ಳದಾಗ ಜೆಸಿಬಿ ಇಳಿಯಿತು. ಹದಿನೈದು ದಿವಸ ಅದರ ಬಕೆಟ್ಟು ಏರಿತು, ಇಳಿಯಿತು. ದಂಡೆಯ ಈಚಲ ಗಿಡ, ಲೆಕ್ಕಿ ಗಿಡ, ಜಾಲಿ ಎಲ್ಲವನ್ನೂ ಕಿತ್ತು ಒಂದು ಕಡೆ ಒಟ್ಟಿದರು. ತಳದ ಕೆಸರು ಬಳಿದು ಹೊಲದ ಬದುವಿನ ಮೇಲೆ ಚೆಲ್ಲಿದರು. ಹಳ್ಳ ಗಟಾರದ ಹಾಂಗ ನೆಟ್ಟಗ, ಆಳಾಗಿ, ಚೊಕ್ಕ ಕಾಣಾಕ ಹತ್ತಿತು. ಹಳ್ಳ ಪುನಶ್ಚೇತನ ಅಂತ ಒಂದು ಬೋರ್ಡು ನೆಟ್ಟರು, ಫೋಟೋ ಹೊಡಕೊಂಡರು, ಹೋದರು.

ಮಳಿ ಬಂತು, ನೀರೂ ಬಂತು. ದೀಪಾವಳಿ ಹೊತ್ತಿಗೆ ಹೋಗಿ ನೋಡಿದರೆ ನೀರಿನ ಮೇಲೆ ಹಸರು ಪಾಚಿ ಕೌದಿ ಹೊಚ್ಚಿದಂಗ ಬಿದ್ದಿತ್ತು. ಕಪ್ಪೆ ಇಲ್ಲ. ಏಡಿ ಇಲ್ಲ. ನೀರಾಗ ಕಾಲು ಬಿಟ್ಟರೆ ಬಂದು ಕಚ್ಚುವ ಸಣ್ಣ ಮೀನು ಇಲ್ಲ. ಒಂದು ಬೆಳ್ಳಕ್ಕಿ ಬಂದು ದಂಡೆಗೆ ಕೂತು, ಸ್ವಲ್ಪ ಹೊತ್ತು ನೋಡಿ, ಎದ್ದು ಹೋಯಿತು. ಇಲ್ಲಿ ಉಣ್ಣಾಕ ಏನೂ ಇಲ್ಲ ಅಂತ ಅದಕ್ಕೂ ತಿಳಿದಿತ್ತು.

ಬೆಲೆಯ ಮಾತು, ಸಾಲದ ಮಾತು ಬರುವ ಈ ಪತ್ರಿಕೆಯಲ್ಲಿ ಇವನ್ಯಾಕ ಏಡಿ, ಕಪ್ಪೆ ಅಂತಾನ ಅನಬ್ಯಾಡ್ರಿ. ಓದುತ್ತಾ ಹೋಗ್ರಿ, ಇದೂ ಸಾಲದ ಲೆಕ್ಕವೇ ಐತಿ.

ನಾನು ಸಣ್ಣವನಿದ್ದಾಗ ಈ ಹಳ್ಳ ಯುಗಾದಿವರೆಗೂ ಹರಿಯುತ್ತಿತ್ತು. ಆಮ್ಯಾಲೆ ನಿಂತರೂ ಉಸುಕಿನಾಗ ಮೊಣಕಾಲುದ್ದ ತೋಡಿದರೆ ವರತಿ ಬರುತ್ತಿತ್ತು. ನಮ್ಮವ್ವ ತಂಬಿಗೆ ತಗೊಂಡು ಕೂತು, ಮೊದಲಿನ ರಾಡಿ ನೀರು ಎರಡು ಸಲ ಚೆಲ್ಲಿ, ಮೂರನೇ ಸಲದ್ದು ಕೊಡಕ್ಕೆ ತುಂಬುತ್ತಿದ್ದಳು. ಎಪ್ಪತ್ತೆರಡರ ಬರದಾಗ ಊರಿನ ಬಾವಿ ಬತ್ತಿದರೂ ವರತಿ ಬತ್ತಲಿಲ್ಲ ಅಂತ ಆಕಿ ಸಾಯೂತನಕ ಹೇಳುತ್ತಿದ್ದಳು. ಆ ವರತಿ ನೀರು ಎಲ್ಲಿಂದ ಬರುತ್ತಿತ್ತು? ಮಳೆಗಾಲ ಮುಗಿದು ನಾಕು ತಿಂಗಳಾಗಿರುತ್ತಿತ್ತು, ಮ್ಯಾಲಿಂದ ಒಂದು ಹನಿ ಬಿದ್ದಿರುತ್ತಿರಲಿಲ್ಲ. ಅದು ಎರಡೂ ದಂಡೆಯ ಹೊಲಗಳ ಬುಡದಾಗ ಇಳಿದು, ಮುರುಮಿನಾಗ, ಕಲ್ಲಿನ ಸೀಳಿನಾಗ ಹಾದು, ತಗ್ಗು ಸಿಕ್ಕಲ್ಲಿ ಜಿನುಗಿದ ನೀರು. ಅಂದರೆ ಮಳಿ ನಿಂತ ಮ್ಯಾಲೆ ಹಳ್ಳದಾಗ ಹರಿಯೋದೆಲ್ಲ ಅಂತರ್ಜಲವೇ. ನಮ್ಮದು ದಖ್ಖನ್ನಿನ ಕರಿಕಲ್ಲಿನ ನೆಲ. ಇಲ್ಲಿ ನೀರು ನಿಲ್ಲೋದು ಮ್ಯಾಲಿನ ಮುರುಮಿನಾಗ ಮತ್ತು ಕಲ್ಲಿನ ಬಿರುಕಿನಾಗ. ಹೊಲದಾಗ ಏನು ಸುರೀತೀರೋ ಅದು ಆ ಬಿರುಕು ಹಿಡಿದು ಇವತ್ತಲ್ಲ ನಾಳೆ ಹಳ್ಳಕ್ಕೆ ಬರತೈತಿ.

ಈ ಗುಟ್ಟು ವಿಜಯಪುರ ಆಳಿದ ಬಾದಶಹರಿಗೂ ಗೊತ್ತಿತ್ತು. ನಮ್ಮ ಮಗ್ಗುಲ ತೊರವಿಯ ನೆಲದೊಳಗಿನ ನೀರನ್ನು ಆದಿಲಶಾಹಿ ಕಾಲದಾಗ ಸುರಂಗ ತೋಡಿ ಊರಿಗೆ ಒಯ್ದರು. ಇವತ್ತಿಗೂ ಸುರಂಗ ಬಾವಡಿ ಅಂತ ಕರೀತೀವಿ. ಯಂತ್ರವಿಲ್ಲ, ಕರೆಂಟಿಲ್ಲ, ಇಳಿಜಾರಿನ ಲೆಕ್ಕದ ಮೇಲೆ ನೆಲದ ನೀರು ತಾನಾಗಿ ಹರಿದು ಹೋಗುತ್ತಿತ್ತು. ನೆಲದ ಕೆಳಗೂ ಒಂದು ಹಳ್ಳ ಹರಿಯತೈತಿ ಅನ್ನೋದು ಅವರಿಗೆ ತಿಳಿದಿತ್ತು. ಜೆಸಿಬಿ ತಂದ ನಮ್ಮ ಕಾಲದವರಿಗೆ ಅದು ಮರೆತು ಹೋಗೈತಿ.

ಇನ್ನು ಆ ಕೆಳಗಿನ ಹಳ್ಳಕ್ಕೆ ನಾವು ಏನೇನು ಹಾಕಿದೆವು ನೋಡೋಣ. ನಾನೂ ಹಾಕಿದವನೇ. ಬ್ಯಾರೆಯವರಿಗೆ ಬೆರಳು ತೋರಿಸಾಕ ಈ ಲೇಖನ ಬರೀತಿಲ್ಲ.

ಯೂರಿಯಾದಿಂದ ಸುರು ಮಾಡೋಣ. 45 ಕಿಲೋದ ಒಂದು ಚೀಲದಾಗ ನೂರಕ್ಕೆ 46ರ ಲೆಕ್ಕದಲ್ಲಿ ಸುಮಾರು 20 ಕಿಲೋಕ್ಕಿಂತ ಸ್ವಲ್ಪ ಹೆಚ್ಚು ಸಾರಜನಕ ಇರತೈತಿ. ಹಾಕಿದ್ದರಾಗ ಅರ್ಧದಷ್ಟೂ ಬೆಳೆ ಉಣ್ಣೋದಿಲ್ಲ. ಉಳಿದದ್ದು ಒಂದಿಷ್ಟು ಗಾಳಿಗೆ ಹೋಗತೈತಿ, ಒಂದಿಷ್ಟು ನೀರಿನ ಜೋಡಿ ಕೆಳಗ ಇಳಿದು ನೈಟ್ರೇಟ್ ಆಗತೈತಿ. ಕುಡಿಯುವ ನೀರಿನಾಗ ಒಂದು ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ದಾಟಬಾರದು ಅಂತ ನಮ್ಮ ದೇಶದ ಮಾನಕ ಹೇಳತೈತಿ. ನಾನು ಮಗನ ಫೋನಿನಾಗ ಲೆಕ್ಕ ಹಾಕಿ ನೋಡಿದೆ. ಒಂದು ಚೀಲದ ಅರ್ಧ ಸಾರಜನಕ ನೆಲಕ್ಕಿಳಿದು ನೈಟ್ರೇಟ್ ಆಯಿತು ಅನ್ರಿ, ಹತ್ತು ಲಕ್ಷ ಲೀಟರ್ ಚೊಕ್ಕ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಾಕ ಅಷ್ಟು ಸಾಕು. ಒಂದೇ ಚೀಲ! ನಾವು ಕಬ್ಬಿಗೆ ಎಕರೆಗೆ ಎಷ್ಟು ಚೀಲ ಚೆಲ್ಲತೀವಿ, ಅದು ನಿಮಗ ಬಿಟ್ಟದ್ದು.

ಇದಕ್ಕೆ ರೈತನ ದಡ್ಡತನ ಕಾರಣ ಅಂತ ಸಾಹೇಬರು ಭಾಷಣ ಮಾಡತಾರ. 2010ರ ಏಪ್ರಿಲಿನಿಂದ ಕೇಂದ್ರ ಸರ್ಕಾರ ಗೊಬ್ಬರಕ್ಕೆ ಪೋಷಕಾಂಶ ಆಧಾರಿತ ಸಬ್ಸಿಡಿ ಅಂತ ಹೊಸ ಪದ್ಧತಿ ತಂದಿತು. ಯೂರಿಯಾವನ್ನು ಅದರ ಹೊರಗೆ ಇಟ್ಟಿತು. ಡಿಎಪಿ, ಪೊಟ್ಯಾಷ್ ದರ ಏರಿದವು, ಯೂರಿಯಾ ದರ ಅಲ್ಲೇ ನಿಂತಿತು. ಒಂದು ಚೀಲ ಡಿಎಪಿಗೆ 1,350 ರೂಪಾಯಿ, ಯೂರಿಯಾಕ್ಕೆ 266 ರೂಪಾಯಿ ಚಿಲ್ಲರೆ. ಕೈಯಾಗ ರೊಕ್ಕ ಇಲ್ಲದ ರೈತ ಯಾವುದು ಎತ್ತುತ್ತಾನ? ಅಗ್ಗ ಇದ್ದದ್ದನ್ನು ಎತ್ತುತ್ತಾನ, ಹೆಚ್ಚು ಚೆಲ್ಲುತ್ತಾನ. ಆ ನೈಟ್ರೇಟು ದಿಲ್ಲಿಯ ದರಪಟ್ಟಿಯಿಂದ ಸುರುವಾಗಿ ನನ್ನ ಕೈಯಿಂದ ಇಳಿದು ಹಳ್ಳಕ್ಕೆ ಹೋಗೈತಿ. ಅರ್ಧ ತಪ್ಪು ನನ್ನದು ಅಂತ ಒಪ್ಪತೀನಿ. ಪೂರ್ತಿ ನನ್ನ ತಲಿಗೆ ಕಟ್ಟಬ್ಯಾಡ್ರಿ.

ಎರಡನೇದು ದ್ರಾಕ್ಷಿ ಪಡ. ತಿಕೋಟಾ, ಬಬಲೇಶ್ವರ ಭಾಗದಾಗ ದ್ರಾಕ್ಷಿ ಹಚ್ಚದವರು ಕಡಿಮೆ. ನನ್ನದೂ ಎರಡು ಎಕರೆ ಐತಿ. ಬೂಜು ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೀತೀವಿ. ಮೈಲುತುತ್ತ ಅಂದರೆ ತಾಮ್ರ. ತಾಮ್ರ ಯೂರಿಯಾದಂಗ ನೀರಿನಾಗ ಕರಗಿ ದೂರ ಹೋಗೋದಿಲ್ಲ, ಮಣ್ಣಿಗೆ ಅಂಟಿ ಕೂಡತೈತಿ. ವರ್ಷ ವರ್ಷ ಕೂಡತೈತಿ. ದೊಡ್ಡ ಮಳಿಗೆ ಆ ಮಣ್ಣು ತೊಳೆದು ಹಳ್ಳದ ತಳಕ್ಕೆ ಬಂದಾಗ ಬಸವನಹುಳ, ನೀರಿನ ಸಣ್ಣ ಹುಳ ಮೊದಲು ಸಾಯತಾವ. ಅವನ್ನು ತಿನ್ನೋ ಮೀನು, ಕಪ್ಪೆ ಆಮ್ಯಾಲೆ. ಇದರ ಮ್ಯಾಲೆ ಎಣ್ಣಿ ಹೊಡೆದ ಪಂಪು ತೊಳೆಯೋದು ಎಲ್ಲಿ? ಹಳ್ಳದಾಗ. ಹತ್ತು ವರ್ಷ ನಾನೇ ತೊಳದೀನಿ. ಒಂದು ದಿನ ಸಂಜಿ ಪಂಪು ತೊಳೆದು ಬಂದೆ. ಮರುದಿನ ಮುಂಜಾನೆ ದನಕ್ಕೆ ನೀರು ಕುಡಿಸಾಕ ಹೋದ ಮಗ ಓಡಿ ಬಂದ. 'ಅಪ್ಪಾ, ಏಡಿ ಎಲ್ಲಾ ದಂಡಿಗೆ ಬಂದು ಸತ್ತು ಬಿದ್ದಾವು' ಅಂದ. ಹೋಗಿ ನೋಡಿದೆ. ಅಂಗಾತ ಬಿದ್ದಿದ್ದವು. ಎತ್ತುಗಳಿಗೆ ಅವತ್ತು ಬೋರಿನ ನೀರು ಕುಡಿಸಿದೆ. ಯಾರಿಗೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಆದರೂ ಕೇಳ್ರಿ. ದ್ರಾಕ್ಷಿ ಹಚ್ಚಿದ್ದು ಯಾಕ? ಬಿಳಿಜೋಳದಾಗ ಮನೀತನ ನಡೀಲಿಲ್ಲ ಅಂತ. ಕಲ್ಲಿನ ಕಂಬ, ತಂತಿ, ಡ್ರಿಪ್ಪು, ಬೋರು ಅಂತ ಎಕರೆಗೆ ಲಕ್ಷಗಟ್ಟಲೆ ಸಾಲ. ಬರಗಾಲದಾಗ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಮಂದಿ ನಾವು. ದ್ರಾಕ್ಷಿಗೆ, ಒಣದ್ರಾಕ್ಷಿಗೆ ಬೆಂಬಲ ಬೆಲೆ ಅನ್ನೋದೇ ಇಲ್ಲ. ದರ ಬಿದ್ದ ವರ್ಷ ಮಾಲು ಕೋಲ್ಡ್ ಸ್ಟೋರೇಜಿನಾಗ, ಬಡ್ಡಿ ಪುಸ್ತಕದಾಗ. ಮೈಮೇಲೆ ಅಷ್ಟು ಸಾಲ ಹೊತ್ತವನು ಮೋಡ ಕವಿದ ಕೂಡಲೇ ಎರಡು ಸಲ ಹೊಡೆಯೋ ಎಣ್ಣಿ ನಾಕು ಸಲ ಹೊಡೀತಾನ. ಬೆಳೆ ಹೋದರೆ ಮನಿ ಹೋಗತೈತಿ ಅನ್ನೋ ಹೆದರಿಕಿ. ಹಳ್ಳದ ಏಡಿಗೂ ಒಣದ್ರಾಕ್ಷಿ ದರಕ್ಕೂ ಸಂಬಂಧ ಐತಿ ಅಂದದ್ದು ಇದಕ್ಕ.

ಮೂರನೇದು ಊರಿನ ಹೊಲಸು. ಮನಿಗೊಂದು ಶೌಚಾಲಯ ಆಯಿತು, ಒಳ್ಳೇದಾಯಿತು. ಆದರೆ ಹೊಂಡ ತೋಡಿದ್ದು ಎಲ್ಲಿ? ಬಿರುಕುಗಲ್ಲಿನ ನೆಲದಾಗ, ಬೋರಿನ ಮಗ್ಗುಲಾಗ. ಶುದ್ಧ ನೀರಿನ ಘಟಕಗಳು ಬಂದವು. ಕಾಸು ಹಾಕಿದರೆ ಕೊಡ ತುಂಬತೈತಿ. ಅದು ಉಪ್ಪು, ಫ್ಲೋರೈಡು, ನೈಟ್ರೇಟು ಸೋಸಿ ಒಂದು ಪಾಲು ಒಳ್ಳೆ ನೀರು ಕೊಡತೈತಿ. ಸೋಸಿ ತೆಗೆದ ಕೆಟ್ಟದ್ದೆಲ್ಲ ಇನ್ನೊಂದು ಪೈಪಿನಾಗ ಹೊರಗೆ ಬರತೈತಿ, ಮೊದಲಿಗಿಂತ ಗಟ್ಟಿಯಾಗಿ. ಆ ಪೈಪು ಎಲ್ಲಿಗೆ ಹೋಗತೈತಿ ಅಂತ ನಿಮ್ಮೂರಿನಾಗ ಒಮ್ಮೆ ನೋಡ್ರಿ. ನಮ್ಮಲ್ಲಿ ಗಟಾರಕ್ಕೆ ಹೋಗತೈತಿ, ಗಟಾರ ಹಳ್ಳಕ್ಕೆ ಹೋಗತೈತಿ, ಹಳ್ಳದ ನೀರು ತಿರುಗಿ ನೆಲಕ್ಕೆ ಇಳೀತೈತಿ. ಮತ್ತೆ ಅದೇ ಬೋರು, ಮತ್ತೆ ಅದೇ ಸೋಸೋದು. ಗಾಣದ ಎತ್ತಾದರೂ ಎಣ್ಣಿ ತೆಗೀತೈತಿ, ಇದರಾಗ ಏನು ಬಂತು?

ನಮ್ಮೂರಿನ ಕೈಪಂಪಿಗೆ ಒಮ್ಮೆ ಬಂದು ಕೆಂಪು ಬಣ್ಣ ಹೊಡೆದು ಹೋದರು. ಈ ನೀರು ಕುಡಿಯಬಾರದು ಅಂತ ಅದರ ಅರ್ಥ. ಮಂದಿ ಕುಡಿಯೋದು ಬಿಟ್ಟರು. ಆ ಪಂಪಿನ ಕೆಳಗಿನ ನೀರೇ ಮುಂದ ಹಳ್ಳಕ್ಕೆ ಹೋಗತೈತಿ, ಅಲ್ಲಿ ಯಾರು ಕುಡೀತಾರ, ದನಾನಾ, ಹಕ್ಕೀನಾ, ಯಾರೂ ಕೇಳಲಿಲ್ಲ. ಹಳ್ಳಕ್ಕೆ ಕೆಂಪು ಬಣ್ಣ ಹೊಡೆಯಾಕ ಬರೋದಿಲ್ಲ ನೋಡ್ರಿ.

ಈಗ ಕೃಷ್ಣಾ ನೀರಿನ ಮಾತು. ತುಬಚಿ-ಬಬಲೇಶ್ವರ, ಮುಳವಾಡ ಏತ ನೀರಾವರಿ ಬಂದವು, ಕೆರೆಗಳು ತುಂಬಿದವು. ಮಮದಾಪುರದ ಆದಿಲಶಾಹಿ ಕಾಲದ ಕೆರೆಯಾಗ ನೀರು ನೋಡಿ ಕಣ್ಣು ತಂಪಾದ ಮುದುಕರು ನಮ್ಮಲ್ಲಿ ಅದಾರ. ಇದನ್ನು ನಾನು ಜರಿಯೋದಿಲ್ಲ. ಬೋರು ಕೊರೆಸಿ ಕೊರೆಸಿ ಹಾಳಾದ ಮಂದಿಗೆ ಅದು ಜೀವ ಕೊಟ್ಟೈತಿ. ಬತ್ತಿದ ಹಳ್ಳಗಳೂ ಅಲ್ಲಲ್ಲಿ ಮತ್ತೆ ಜಿನುಗುತ್ತಾವ. ಆದರೆ ನೀರು ಬಂದ ಕೂಡಲೇ ಎರಿ ಹೊಲಕ್ಕೆ ಕಬ್ಬು ಹಚ್ಚಿ ಮಡಿಗೆ ನೀರು ಕಟ್ಟಿದರೆ ಏನಾಗತೈತಿ ಅಂತ ತಿಳಿಯಾಕ ಬಹಳ ದೂರ ಹೋಗೋದು ಬ್ಯಾಡ. ಅಥಣಿ, ರಾಯಬಾಗದ ಕೃಷ್ಣಾ ದಂಡೆಗೆ ಹೋಗ್ರಿ, ದಾಟಿ ಶಿರೋಳಕ್ಕೆ ಹೋಗ್ರಿ. ಸವಳು-ಜವಳು ಆಗಿ ಬಿಳಿ ಉಪ್ಪು ಎದ್ದ ಹೊಲ ಕಣ್ಣಿಗೆ ಹೊಡೀತಾವ. ಎಷ್ಟು ಚಂದದ ಕಬ್ಬು ಬೆಳೆದ ಹೊಲಗಳು ಅವು.

ಇದಕ್ಕೂ ಲೆಕ್ಕ ಹೇಳತೀನಿ. ಲೀಟರಿಗೆ ಒಂದು ಗ್ರಾಂ ಉಪ್ಪು ಇರುವ ಬೋರಿನ ನೀರು, ಅದು ನಮ್ಮ ಕಡೆ ಅಪರೂಪವೇನಲ್ಲ, ಒಂದು ಎಕರೆಗೆ ಒಂದು ಇಂಚು ನಿಲ್ಲಿಸಿದರೆ ಒಂದು ಲಕ್ಷ ಲೀಟರಿನ ಮ್ಯಾಲೆ ಆಗತೈತಿ. ಅಂದರೆ ನೂರು ಕಿಲೋ ಉಪ್ಪು ಹೊಲಕ್ಕೆ ಚೆಲ್ಲಿದಂಗ. ಬೆಳೆ ನೀರು ಕುಡೀತೈತಿ, ಉಪ್ಪು ಬಿಡತೈತಿ. ಬಿಸಲು ನೀರು ಕುಡೀತೈತಿ, ಉಪ್ಪು ಬಿಡತೈತಿ. ಕಬ್ಬಿಗೆ ವರ್ಷಕ್ಕೆ ಎಷ್ಟು ಇಂಚು ಕಟ್ಟತೀರಿ, ಗುಣಿಸಿಕೊಳ್ರಿ.

ಶಿರೋಳದ ಕಡೆ ರೈತರು ಸೇರಿ ನೆಲದೊಳಗ ತೂತಿನ ಪೈಪು ಹೂತು, ಉಪ್ಪು ನೀರು ಬಸಿದು ಹೊಲ ತಿರುಗಿ ಎಬ್ಬಿಸ್ಯಾರ. ಶಹಬ್ಬಾಶ್ ಅನ್ನಬೇಕು. ಆದರೆ ಬಸಿದ ನೀರು ಹೋಗೋದು ಹಳ್ಳಕ್ಕೆ, ಹಳ್ಳದಿಂದ ಹೊಳಿಗೆ. ಹೊಲ ಬದುಕಿಸಾಕ ಹೋದರೆ ಹಳ್ಳಕ್ಕೆ ಉಪ್ಪು, ಹಳ್ಳ ಬದುಕಿಸಾಕ ಹೋದರೆ ಹೊಲಕ್ಕೆ ಉಪ್ಪು. ಇದರಾಗ ಸುಲಭದ ದಾರಿ ಐತಿ ಅನ್ನೋವನು ಸುಳ್ಳು ಹೇಳತಾನ. ನನಗೆ ತಿಳಿದ ಮಟ್ಟಿಗೆ ಒಂದೇ ದಾರಿ. ಉಪ್ಪು ಏಳೂಕಿಂತ ಮೊದಲೇ ನೀರು ಮಿತಿ ಮಾಡಬೇಕು, ಡ್ರಿಪ್ಪಿನಾಗ ಕೊಡಬೇಕು, ಬಸಿಗಾಲುವೆ ನೀರನ್ನು ಹಳ್ಳದಾಗ ದೊಡ್ಡ ನೀರು ಹರಿಯುವ ಮಳೆಗಾಲದಾಗ ಮಾತ್ರ ಬಿಡಬೇಕು. ಬೇಸಿಗೆಯಾಗ ಬಿಟ್ಟರೆ ಹಳ್ಳದ ಮಡುವಿನಾಗ ಉಳಿದ ನಾಕು ಮೀನೂ ಹೋದವು.

ಈ ಭಾಗದ ಎಷ್ಟೋ ಹಳ್ಳಗಳು ಕೊನೆಗೆ ಸೇರೋದು ಡೋಣಿಗೆ. ಮಹಾರಾಷ್ಟ್ರದ ಜತ್ತ ತಾಲೂಕಿನಾಗ ಹುಟ್ಟಿ ನಮ್ಮ ಜಿಲ್ಲೆಯ ನಡುವೆ ಹಾದು ಮುಂದೆ ಕೃಷ್ಣಾ ಸೇರುವ ಹೊಳಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ಹಿರಿಯರ ಮಾತಿತ್ತು. ಡೋಣಿ ನೀರು ಮೊದಲಿಂದಲೂ ಸವಳು, ಅದು ನಮ್ಮ ಪಾಪ ಅಲ್ಲ, ಆ ನೆಲದ ಗುಣ. ಆದರೆ ಹೂಳು ತುಂಬಿ ತಳ ಮ್ಯಾಲೆ ಬಂದದ್ದು, ಬಳ್ಳಾರಿ ಜಾಲಿ ಬೆಳೆದು ಪಾತ್ರ ಮುಚ್ಚಿದ್ದು, ಒಂದು ದೊಡ್ಡ ಮಳಿ ಬಂದರೆ ಎರಡೂ ದಂಡೆಯ ಎರಿ ಹೊಲ ಮುಳುಗಿ, ತಾಳಿಕೋಟೆಯಾಗ ಸೇತುವೆ ಮುಳುಗಿ ದಾರಿ ನಿಲ್ಲೋದು, ಇದು ನಾವು ಕಂಡ ಕಾಲದ್ದು. ಡೋಣಿ ಹೂಳು ತೆಗೀರಿ ಅಂತ ದಂಡೆಯ ರೈತರು ಎಷ್ಟು ಸಲ ಕೂಗಿಲ್ಲ! ಹೂಳು ತೆಗೀಬೇಕು, ಅದಕ್ಕೆ ನನ್ನ ತಕರಾರಿಲ್ಲ. ಡೋಣಿಯ ಹೂಳು ಎಲ್ಲಿಂದ ಬಂತು? ನಮ್ಮಂಥ ನೂರಾರು ಹಳ್ಳದಿಂದ ಬಂತು. ಹಳ್ಳದ ದಂಡೆಯ ಬೇರು ಕಿತ್ತು ನೆಟ್ಟಗ ಮಾಡಿದರೆ ಹೂಳು ಇನ್ನಷ್ಟು ಬೇಗ ಡೋಣಿಗೆ ಹೋಗಿ ಬೀಳತೈತಿ. ಮ್ಯಾಲೆ ಒಬ್ಬ ತುಂಬುವವ, ಕೆಳಗ ಒಬ್ಬ ತೋಡುವವ. ಇಬ್ಬರಿಗೂ ಬಿಲ್ಲು.

ಜೆಸಿಬಿ ಕೆಲಸದ ಮ್ಯಾಲೆ ನನಗೆ ಸಿಟ್ಟು ಬರೋದು ಇನ್ನೊಂದು ಕಾರಣಕ್ಕೆ. ನೈಟ್ರೇಟನ್ನು ನೀರಿನಿಂದ ಪುಕ್ಕಟೆ ತೆಗೆಯುವ ಕಾರಖಾನೆ ಒಂದೇ ಐತಿ. ಅದು ಹಳ್ಳದ ದಂಡೆಯ ಹಸಿ ಕೆಸರು. ಎಲೆ ಕೊಳೆತ, ಗಾಳಿ ಆಡದ ಕೆಸರಿನಾಗ ಇರುವ ಕಣ್ಣಿಗೆ ಕಾಣದ ಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಡತಾವ. ಗಾಳಿಯಾಗ ಅದು ಮೊದಲೇ ಐತಿ, ಯಾರಿಗೂ ತೊಂದರೆ ಇಲ್ಲ. ದಂಡೆಯ ಗಿಡದ ಬೇರು ಉಳಿದಷ್ಟನ್ನು ಉಣ್ಣತಾವ. ನೆಲದ ನೀರು ಹಳ್ಳಕ್ಕೆ ಇಳಿಯೋ ಮೊದಲು ಈ ಕೆಸರು, ಈ ಬೇರು ದಾಟಿ ಬರಬೇಕು. ನಮ್ಮ ಹಿರಿಯರು ಹಳ್ಳದ ದಂಡಿಯ ಈಚಲ, ಲೆಕ್ಕಿ, ಆಪು, ಕರಕಿ ಮುಟ್ಟದೆ ಬಿಟ್ಟದ್ದು ಇದನ್ನೆಲ್ಲ ಓದಿ ಅಲ್ಲ, ಆದರೆ ಬಿಟ್ಟಿದ್ದರು. ನಾವು ಬೆಲೆಯ ಆಸೆಗೆ ಒಂದೊಂದೇ ಸಾಲು ಹೆಚ್ಚು ಬಿತ್ತುತ್ತಾ ದಂಡೆಯ ತುದಿಗೆ ಬಂದೆವು. ಉಳಿದದ್ದನ್ನು ಜೆಸಿಬಿ ಬಳಿಯಿತು. ಬಂದ ನೈಟ್ರೇಟೆಲ್ಲ ನೇರ ನೀರಿಗೆ. ಪಾಚಿ ಉಬ್ಬಿತು. ಹಗಲು ಪಾಚಿ ಉಸಿರು ಬಿಡತೈತಿ, ರಾತ್ರಿ ನೀರಿನ ಉಸಿರನ್ನು ತಾನೇ ಎಳಕೋತೈತಿ, ಸತ್ತು ಕೊಳೆಯುವಾಗ ಇನ್ನೂ ಎಳೀತೈತಿ. ಅದಕ್ಕೇ ಇಂಥ ನೀರಿನಾಗ ಮೀನು ಸಾಯೋದು ಬೆಳಗಿನ ಜಾವ.

ಈಗ ಮುಖ್ಯ ಮಾತಿಗೆ ಬರತೀನಿ. ಹಳ್ಳ ಕೆಟ್ಟರೆ ಅರ್ಜಿ ಯಾರಿಗೆ ಕೊಡಬೇಕು? ಹಳ್ಳ ಅಂದರೆ ಒಂದು ಇಲಾಖೆ, ಕುಡಿಯುವ ನೀರು ಅಂದರೆ ಇನ್ನೊಂದು, ಅಂತರ್ಜಲ ಅಂದರೆ ಮತ್ತೊಂದು. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಬೋರಿನ ನೋಂದಣಿ, ಬೋರಿನ ಅನುಮತಿ ಅಂತ ಹೆಚ್ಚಾಗಿ ನೀರು ಎತ್ತುವ ಲೆಕ್ಕ ಹೇಳತೈತಿ. ಆದರೆ 1974ರಾಗ ಪಾರ್ಲಿಮೆಂಟು ಮಾಡಿದ ಜಲ ಮಾಲಿನ್ಯ ತಡೆ ಕಾಯ್ದೆ ತೆಗೆದು ಓದ್ರಿ. ನಮ್ಮ ಸಂಗಡ ಇರುವ ಒಬ್ಬ ವಕೀಲರು ಓದಿಸಿದರು, ನಾನು ಎದ್ದು ಕೂತೆ. ಹರಿಯುವ ನೀರು ಅಂದರೆ ಏನು ಅಂತ ಎರಡನೇ ಕಲಮಿನಾಗ ಹೇಳೈತಿ. ಹೊಳಿ ಬರತೈತಿ. ಹಳ್ಳ ಬರತೈತಿ, ಅದು ಹರಿಯುತ್ತಿರಲಿ, ಸದ್ಯಕ್ಕೆ ಒಣಗಿರಲಿ. ಆಮ್ಯಾಲೆ ನೆಲದೊಳಗಿನ ನೀರೂ ಬರತೈತಿ! ಕಾಯ್ದೆಯ ಕಣ್ಣಿನಾಗ ಒಣಹಳ್ಳ, ಅದರ ಕೆಳಗಿನ ವರತಿ, ಬಾವಿಯ ಸೆಲೆ ಎಲ್ಲಾ ಒಂದೇ. 24ನೇ ಕಲಮು ಅದರಾಗ ಗೊತ್ತಿದ್ದೂ ವಿಷದ ಪದಾರ್ಥ ಬಿಡಬಾರದು ಅನ್ನತೈತಿ. ಐವತ್ತು ವರ್ಷ ಆಯಿತು ಈ ಕಾಯ್ದೆ ಬಂದು. ನಮ್ಮವ್ವ ತಂಬಿಗೆ ಹಿಡಿದು ತಿಳಕೊಂಡದ್ದನ್ನು ಪಾರ್ಲಿಮೆಂಟು ಬರೆದಿಟ್ಟೈತಿ, ಕಚೇರಿಗಳು ಇನ್ನೂ ಓದಿಲ್ಲ.

ಕೆಟ್ಟ ಅಂತರ್ಜಲದ ಖರ್ಚು ಯಾರು ಕೊಡಬೇಕು ಅನ್ನೋದಕ್ಕೂ ಸುಪ್ರೀಂ ಕೋರ್ಟಿನ ಉತ್ತರ ಐತಿ. ರಾಜಸ್ಥಾನದ ಉದಯಪುರದ ಹತ್ತಿರ ಬಿಚ್ಛಡಿ ಅಂತ ಒಂದು ಹಳ್ಳಿ. ಅಲ್ಲಿ 1980ರ ದಶಕದ ಕೊನೆಗೆ ರಾಸಾಯನಿಕ ಕಾರಖಾನೆಗಳು ಎಚ್-ಆಸಿಡ್ ತಯಾರಿಸಿ ಅದರ ಕೆಸರನ್ನು ಬಯಲಿಗೆ ಚೆಲ್ಲಿದವು. ಮಳಿಗೆ ಅದು ನೆಲಕ್ಕೆ ಇಳಿದು ಸುತ್ತಲಿನ ಬಾವಿಗಳ ನೀರು ಬಣ್ಣ ತಿರುಗಿತು. ಮನುಷ್ಯರಿಗಿಲ್ಲ, ದನಕ್ಕಿಲ್ಲ, ಹೊಲಕ್ಕಿಲ್ಲ. 1996ರ ಫೆಬ್ರುವರಿಯಾಗ ಕೋರ್ಟು ಹೇಳಿತು: ಕೆಡಿಸಿದವನೇ ಸರಿಪಡಿಸುವ ಖರ್ಚು ಕೊಡಬೇಕು. 37 ಕೋಟಿ ರೂಪಾಯಿ ಮ್ಯಾಲೆ ಲೆಕ್ಕ ಬಂತು. ಕಾರಖಾನೆಯವರು ಅರ್ಜಿ ಮ್ಯಾಲೆ ಅರ್ಜಿ ಹಾಕಿ ಎಳೆದರು. 2011ರಾಗ ಅದೇ ಕೋರ್ಟು ಚಕ್ರಬಡ್ಡಿ ಸೇರಿಸಿ ಕೊಡ್ರಿ ಅಂದಿತು. ಚಕ್ರಬಡ್ಡಿ ಅಂದರೆ ಏನಂತ ನಮಗೆ ಯಾರೂ ಹೇಳಿಕೊಡೋದು ಬೇಕಿಲ್ಲ. ಆದರೆ ಈ ಹದಿನೈದು ವರ್ಷ ಆ ಹಳ್ಳಿ ಮಂದಿ ಏನು ಕುಡಿದರು? ಗೆದ್ದ ತೀರ್ಪಿನಿಂದ ಬಾವಿ ತಿಳಿ ಆಗೋದಿಲ್ಲ. ನೆಲದಾಗ ಒಮ್ಮೆ ಇಳಿದ ವಿಷ ನಿಧಾನ ಹೊರಗೆ ಬರತೈತಿ, ಹಾಕೋದು ನಿಲ್ಲಿಸಿದ ಮ್ಯಾಲೂ ವರ್ಷಗಟ್ಟಲೆ.

ನಾನು ಇದನ್ನು ಈಗ ಯಾಕ ಎತ್ತೀನಿ ಅಂದರೆ, 2024-25ರ ರಾಜ್ಯ ಬಜೆಟ್ಟಿನಾಗ ವಿಮಾನ ನಿಲ್ದಾಣಗಳ ಹತ್ತಿರ ಫುಡ್ ಪಾರ್ಕ್ ಅಂತ ಹೇಳಿದಾಗ ವಿಜಯಪುರ ಜಿಲ್ಲೆಗೆ ನಮ್ಮ ಇಟ್ಟಂಗಿಹಾಳದ ಹೆಸರು ಬಂತು. ಊರಿನ ಹುಡುಗರು ಪಟಾಕಿ ಹೊಡೆದರು. ನಾನೂ ಬೇಡ ಅನ್ನೋದಿಲ್ಲ. ದ್ರಾಕ್ಷಿ, ದಾಳಿಂಬೆ, ಲಿಂಬಿ ಇಲ್ಲೇ ರಸ ಆಗಿ, ಉಪ್ಪಿನಕಾಯಿ ಆಗಿ ಹೋದರೆ ದಲಾಲರ ಕೈ ಸ್ವಲ್ಪವಾದರೂ ಸಡಿಲ ಆದೀತು. ಆದರೆ ಹಣ್ಣು ತೊಳೆದ ನೀರು, ಸಕ್ಕರಿ ಪಾಕದ ನೀರು ವಿಷ ಅಲ್ಲ ಅಂತ ಹಳ್ಳಕ್ಕೆ ಬಿಟ್ಟರೆ ಅದು ಕೊಳೆತು ನೀರಿನ ಉಸಿರು ಎಳೀತೈತಿ, ಮೀನಿಗೆ ಅದೇ ಸಾವು. ಅದಕ್ಕ ಮೊದಲ ಇಟ್ಟಂಗಿ ಇಡೋ ಮೊದಲು ಸುತ್ತಲಿನ ಬಾವಿ, ಬೋರು, ಹಳ್ಳದ ನೀರು ಇವತ್ತು ಹ್ಯಾಂಗೈತಿ ಅಂತ ಪರೀಕ್ಷೆ ಮಾಡಿ, ಆ ಅಂಕಿ ಗ್ರಾಮ ಪಂಚಾಯಿತಿ ಗೋಡೆಗೆ ಬರೀರಿ. ಇಳಿಜಾರಿನ ಕಡೆ ನೋಡಿಕೊಳ್ಳಾಕ ಬ್ಯಾರೆ ಬೋರು ಹಾಕ್ರಿ, ಅದರ ಬೀಗದಕೈ ಪಂಚಾಯಿತಿ ಹತ್ತಿರ ಇರಲಿ. ನಾಳೆ ನೀರು ಕೆಟ್ಟಾಗ 'ಇದು ಮೊದಲೇ ಹಿಂಗಿತ್ತು, ರೈತರ ಯೂರಿಯಾದಿಂದ ಆಗೈತಿ' ಅಂತ ಹೇಳಿ ಜಾರಿಕೊಳ್ಳೋ ದಾರಿ ಇರಬಾರದು. ಹೇಳತಾರ, ಬರೆದಿಟ್ಟುಕೊಳ್ರಿ.

ರೈತನ ಪಾಲಿಗೆ ಬರೋಣ. ಹಳ್ಳದ ದಂಡೆಗೆ ಮೂವತ್ತು ಅಡಿ ಬಿತ್ತದೆ ಬಿಡಬೇಕು, ಗಿಡ, ಹುಲ್ಲು ಬೆಳೆಸಬೇಕು ಅಂತ ತಿಳಿದವರು ಹೇಳತಾರ. ಸರಿ. ಒಂದು ಫರ್ಲಾಂಗ್ ಉದ್ದ ದಂಡೆ ಇರುವ ರೈತನಿಗೆ ಮೂವತ್ತು ಅಡಿ ಅಂದರೆ 18 ಗುಂಟೆ. ಎರಡು ಎಕರೆಯವನ 80 ಗುಂಟೆಯಾಗ 18 ಹೋತು. ಅದರಾಗ ಮೂರು ಕ್ವಿಂಟಲ್ ಬಿಳಿಜೋಳ ಬರತಿತ್ತು ಅನ್ರಿ. ಮಾಲದಂಡಿ ಜೋಳಕ್ಕೆ 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 3,421 ರೂಪಾಯಿ. ಹತ್ತು ಸಾವಿರದ ಮ್ಯಾಲೆ ಆತು, ಕಣಿಕಿ ಬ್ಯಾರೆ. ಘೋಷಣೆ ಮಾಡಿದ ದರ ಎಲ್ಲರ ಕೈಗೆ ಸಿಗೋದಿಲ್ಲ ಅನ್ನೋದು ಇನ್ನೊಂದು ಕತಿ. ಈ ಹತ್ತು ಸಾವಿರ ಆ ಸಣ್ಣ ರೈತ ಯಾಕ ಬಿಡಬೇಕು? ಡೋಣಿಯ ಹೂಳು ಕಡಿಮೆ ಆಗಿ ಲಾಭ ಆಗೋದು ಕೆಳಗಿನವರಿಗೆ, ನೀರು ತಿಳಿ ಆಗಿ ಲಾಭ ಊರಿಗೆ. ಆದ್ದರಿಂದ ದಂಡೆ ಬಿಟ್ಟ ರೈತನಿಗೆ ವರ್ಷ ವರ್ಷ ಆ 18 ಗುಂಟೆಯ ಬಾಡಿಗಿ ಸರ್ಕಾರ ಕೊಡಬೇಕು, ಬೆಂಬಲ ಬೆಲೆಯ ಲೆಕ್ಕದಾಗ ಕೊಡಬೇಕು. ಜೆಸಿಬಿಗೆ ಕೊಡೋ ರೊಕ್ಕ ಐತಲ್ಲ, ಅದನ್ನೇ ಕೊಡ್ರಿ. ಭೂಮಿ ಕಸಿಯೋದು ಬ್ಯಾಡ, ಪಹಣಿಯಾಗ ಕೈ ಹಾಕೋದು ಬ್ಯಾಡ. ಗುರುತಿನ ಕಲ್ಲು ನೆಡಾಕ ಬಂದರೆ ಮೊದಲು ನಾನೇ ಅಡ್ಡ ಮಲಗತೀನಿ.

ಇದಲ್ಲದೆ ಯೂರಿಯಾದ ಸಬ್ಸಿಡಿ ರೊಕ್ಕವನ್ನು ತಿಪ್ಪಿಗೊಬ್ಬರಕ್ಕೂ, ತೊಗರಿ, ಕಡ್ಲಿ ಹಾಕುವವನಿಗೂ ಹಂಚಬೇಕು. ಆ ಬೆಳೆಗಳು ಗಾಳಿಯ ಸಾರಜನಕವನ್ನು ತಾವೇ ಹಿಡೀತಾವ. ಇದು ದೊಡ್ಡ ಮಾತು, ಇನ್ನೊಂದು ಸಲ ಬರೀತೀನಿ.

ಸರ್ಕಾರದ ದಾರಿ ಕಾಯುತ್ತಾ ಕೂಡಬಾರದು ಅಂತ ನಾವು ನಾಕು ಮಂದಿ, ಜೆಸಿಬಿ ಮುಟ್ಟದ ಮ್ಯಾಲಿನ ಭಾಗದಾಗ, ಎರಡು ಮಳೆಗಾಲದಿಂದ ಇಪ್ಪತ್ತು ಅಡಿ ದಂಡೆ ಬಿಟ್ಟೀವಿ. ಮೂವತ್ತು ಬಿಡಾಕ ಧೈರ್ಯ ಆಗಲಿಲ್ಲ, ಸುಳ್ಳು ಯಾಕ ಹೇಳಲಿ. ಲೆಕ್ಕಿ ಕಡ್ಡಿ ಊರಿದೆವು, ಹೊಂಗೆ ಬೀಜ ಹಾಕಿದೆವು. ಈಚಲ ತಾನಾಗಿ ಎದ್ದಿತು. ಪಂಪು ತೊಳೆಯಾಕ ಏರಿನ ಮ್ಯಾಲೆ ಒಂದು ಹೊಂಡ ಮಾಡಿ ಹೊಟ್ಟು, ಸೆಗಣಿ, ಮಣ್ಣು ತುಂಬೀವಿ, ಎಣ್ಣಿ ನೀರು ಅಲ್ಲೇ ಇಂಗಿ ಕೊಳೀತೈತಿ. ನಾಲ್ವರಲ್ಲಿ ಒಬ್ಬ ಎರಡನೇ ವರ್ಷ ಮಗಳ ಲಗ್ನದ ಸಾಲಕ್ಕೆ ತನ್ನ ದಂಡೆ ತಿರುಗಿ ಹರಗಿದ. ಅವನಿಗೆ ನಾವು ಏನೂ ಅನ್ನಲಿಲ್ಲ.

ಹೋದ ಶ್ರಾವಣದಾಗ ಉಳಿದ ಮೂವರ ದಂಡೆಯಾಗ ರಾತ್ರಿ ಕಪ್ಪೆ ಕೂಗಿದ್ದು ಕೇಳಿಸಿತು. ತಳದಾಗ ಸಣ್ಣ ಬಸವನಹುಳ ಬಂದಾವು. ಏಡಿ ತೂತು ಎರಡು ನೋಡೀನಿ. ಮೀನು ಇನ್ನೂ ಇಲ್ಲ. ಬಾವಿಯ ನೀರು ಪರೀಕ್ಷೆ ಮಾಡಿದರೆ ನೈಟ್ರೇಟು ಇನ್ನೂ ಮಿತಿಯ ಮ್ಯಾಲೆ ಐತಿ, ಸ್ವಲ್ಪವೂ ಇಳಿದಿಲ್ಲ. ಮೂವತ್ತು ವರ್ಷ ಹಾಕಿದ್ದು ಎರಡು ಮಳಿಗೆ ಹೋಗೋದಿಲ್ಲ.

ಬರುವ ಗ್ರಾಮಸಭೆಗೆ ಇಟ್ಟಂಗಿಹಾಳದವರು, ಸುತ್ತಲಿನ ಊರಿನವರು ಬರಿಗೈಲಿ ಬರಬ್ಯಾಡ್ರಿ. ತೊಳೆದ ಬಾಟಲಿಯಾಗ ನಿಮ್ಮ ಬೋರಿನ ನೀರು, ಇನ್ನೊಂದರಾಗ ಹಳ್ಳದ ನೀರು ತುಂಬಿಕೊಂಡು ಬರ್ರಿ. ಮ್ಯಾಲೆ ಸರ್ವೆ ನಂಬರು, ಬೋರಿನ ಆಳ, ತುಂಬಿದ ತಾರೀಖು ಬರೆದಿರಲಿ. ಎಲ್ಲಾ ಬಾಟಲಿ ಅಧ್ಯಕ್ಷರ ಮೇಜಿನ ಮ್ಯಾಲೆ ಸಾಲಾಗಿ ಇಟ್ಟು, ಸರ್ಕಾರದ ಖರ್ಚಿನಾಗ ಪರೀಕ್ಷೆ ಮಾಡಿ ಅಂಕಿ ನಮ್ಮ ಕೈಗೆ ಕೊಡಬೇಕು ಅಂತ ಠರಾವು ಬರೆಸೋಣ. ಠರಾವಿನ ನಕಲು ಕೈಗೆ ಬರೂತನಕ ಯಾರೂ ಎದ್ದು ಹೋಗಬ್ಯಾಡ್ರಿ.